ರೆಡಿಮೇಡ್ ಗೊಬ್ಬೆ

ಅಂಗಡಿಗೆ ಗಿರಾಕಿ ಬಂದರೆ ಸಾಕು, ನಮ್ಮ ಅವ್ವ ನೈಟಿಯ ಮೇಲೊಂದು ಟವಲ್ ಹೊದ್ದುಕೊಂಡು ಒಳಗಿನಿಂದ ಬಂದುಬಿಡುತ್ತಾಳೆ. ಅದನ್ನು ಕಂಡರೆ ನನಗೆ ನಾಚಿಕೆ. ಸಾಗರದಲ್ಲಿ ನನ್ನದು ಲೇಡೀಸ್ ಟೈಲರ್ ಅಂಗಡಿ. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ ಅಷ್ಟೆ, ನಡುವೆ ಒಂದು ಪರದೆ. ಪರದೆಯ ಈಚೆಗೆ ಎರಡು ಹೊಲಿಗೆ ಮಿಷನ್, ಆಳೆತ್ತರದ ಕನ್ನಡಿ, ಗೋಡೆಯ ತುಂಬ ಬ್ಲೌಸಿನ ಬೆನ್ನನ್ನು ಎಷ್ಟು ವಿಧವಾಗಿ ಕತ್ತರಿಸಬಹುದು ಎಂದು ತೋರಿಸುವ ಫೋಟೋಗಳು. ಆಚೆಗೆ ಅವ್ವನ ಮಂಚ. ಊರಿಗೆಲ್ಲ ಹೊಸ ಫ್ಯಾಷನ್ ಹೊಲಿದುಕೊಡುವವಳ ತಾಯಿ ಹೂವಿನ ನೈಟಿಯಲ್ಲಿ, ಹೆಗಲಿಗೆ ಸ್ನಾನದ ಟವಲ್ ಹಾಕಿಕೊಂಡು ನಿಂತರೆ ಹೇಗಿರುತ್ತದೆ? ಎಷ್ಟು ಸಲ ಹೇಳಿದ್ದೇನೆ. ಬಂದವರೆಲ್ಲ ಹೆಂಗಸರೇ, ಟವಲ್ ಯಾಕೆ, ಬೇಕಾದರೆ ಒಂದು ವೇಲ್ ಕೊಡುತ್ತೇನೆ ಅಂದಿದ್ದೇನೆ. ಕೇಳುವುದಿಲ್ಲ. ಅಮ್ಮನ ಜೊತೆ ಬಂದ ಎಳೆ ಮಗುವಿನ ಮುಂದೆಯೂ ಅವಳ ಕೈ ಟವಲನ್ನು ಎದೆಯ ಮೇಲೆ ಎಳೆದುಕೊಳ್ಳುತ್ತದೆ.

ಈ ನೈಟಿ ಮತ್ತು ಟವಲ್ಲಿನ ಜೋಡಿ ನಮ್ಮ ಕಡೆ ಯಾವಾಗ ಹುಟ್ಟಿತು, ಯಾರ ತಲೆಯಿಂದ ಹುಟ್ಟಿತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ನೈಟಿ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಆಗ ನಾನು ಅಂಗಡಿ ಇಟ್ಟು ಸ್ವಲ್ಪ ಕಾಲವಾಗಿತ್ತು. ಮೊದಲು ಕೊಂಡವರು ಅದನ್ನು ರಾತ್ರಿ ಮಾತ್ರ ಹಾಕುತ್ತಿದ್ದರು. ಒಗೆದರೆ ಸೀರೆಯ ಅಡಿಗೆ ಬಚ್ಚಿಟ್ಟು ಒಣಗಿಸುತ್ತಿದ್ದರು, ಕಳ್ಳಮಾಲಿನ ಹಾಗೆ. ಆಮೇಲೆ ಬೆಳಗಿನ ಕಾಫಿಯವರೆಗೆ ಉಳಿಯಿತು. ಆಮೇಲೆ ಅಂಗಳಕ್ಕೆ ಇಳಿಯಿತು, ಹಾಲಿನವನ ಎದುರು ನಿಂತಿತು, ಕೊನೆಗೆ ಮೂಲೆಯ ಕಿರಾಣಿ ಅಂಗಡಿಯವರೆಗೂ ಹೋಯಿತು. ಹೀಗೆ ಹೊರಗೆ ಬರುವಾಗ ಎಲ್ಲಿಂದಲೋ ಒಂದು ಟವಲ್ ಬಂದು ಅದರ ಹೆಗಲೇರಿತು. ನೈಟಿ ಹೊಲಿದವರು ಯಾರೂ ಟವಲ್ ಕೊಟ್ಟಿರಲಿಲ್ಲ. ಯಾವ ಅಂಗಡಿಯಲ್ಲೂ ಅದು ಸೆಟ್ಟಾಗಿ ಸಿಗುತ್ತಿರಲಿಲ್ಲ. ಆದರೂ ಸಾಗರದಲ್ಲಿ, ಹೊಸನಗರದಲ್ಲಿ, ತೀರ್ಥಹಳ್ಳಿಯಲ್ಲಿ, ಹುಲಿಕಲ್ಲಿನ ಕಾಡಿನ ನಡುವಿನ ಮನೆಗಳಲ್ಲಿ ಕೂಡ ಎಲ್ಲ ಹೆಂಗಸರೂ ಮಾತಾಡಿಕೊಂಡವರ ಹಾಗೆ ಟವಲ್ ಹೊದ್ದರು. ಉಳಿದ ಫ್ಯಾಷನ್ನುಗಳು ಬಂದ ದಾರಿ ನನಗೆ ಗೊತ್ತು, ಟವಲ್ಲಿನದು ಮಾತ್ರ ಗೊತ್ತಿರಲಿಲ್ಲ.

ಉಳಿದವೆಲ್ಲ ಬಸ್ಸಿನಲ್ಲಿ ಬಂದವು. ನಾನು ಚಿಕ್ಕವಳಿದ್ದಾಗ ನಾವಿದ್ದದ್ದು ಹೊಸನಗರದ ಕಡೆಯ ಒಂದು ಹಳ್ಳಿಯಲ್ಲಿ. ಶಿವಮೊಗ್ಗದಿಂದ ವರ್ಗವಾಗಿ ಬಂದ ಮೇಷ್ಟರ ಹೆಂಡತಿ ಬಸ್ಸಿನಿಂದ ಇಳಿದರೆ, ಅವರ ಮೈಮೇಲಿದ್ದದ್ದೇ ಆ ವರ್ಷದ ಫ್ಯಾಷನ್. ನೈಲಾನ್ ಸೀರೆ ಹಾಗೇ ಬಂತು. ಪ್ಲಾಸ್ಟಿಕ್ ವಯರಿನ ಬುಟ್ಟಿ ಹೆಣೆಯುವ ಹುಚ್ಚು ಹಾಗೇ ಬಂತು; ಒಂದು ಮಳೆಗಾಲವಿಡೀ ನಮ್ಮ ಕೇರಿಯ ಹೆಂಗಸರ ಬೆರಳುಗಳು ವಯರಿನ ಬಣ್ಣ ಹತ್ತಿಕೊಂಡೇ ಇದ್ದವು. ನನ್ನ ಅಣ್ಣ ಬೆಲ್ ಬಾಟಮ್ ಹೊಲಿಸಿಕೊಂಡು ಸೈಕಲ್ ಹತ್ತಿ, ಚೈನಿಗೆ ಸಿಕ್ಕಿಸಿಕೊಂಡು ಗದ್ದೆಗೆ ಬಿದ್ದ. ಪಫ್ ತೋಳು ಬಂತು, ಹೋಯಿತು, ನಾನು ಟೈಲರಾದ ಮೇಲೆ ಮತ್ತೆ ಬಂತು. ಚೂಡಿದಾರ ಬಂದಾಗ ಇದು ಮದುವೆಯಾಗದ ಹುಡುಗಿಯರಿಗೆ ಮಾತ್ರ ಅಂದರು; ಈಗ ಅಜ್ಜಿಯರ ಅಳತೆ ತೆಗೆದುಕೊಳ್ಳುತ್ತಿದ್ದೇನೆ. ಸಾಗರಕ್ಕೆ ಬಂದದ್ದು ತಿಂಗಳೊಪ್ಪತ್ತಿನಲ್ಲಿ ಹೊಸನಗರಕ್ಕೆ ಹೋಗುತ್ತಿತ್ತು. ತೀರ್ಥಹಳ್ಳಿಯವರನ್ನು ಕೇಳಿದರೆ, ಅಯ್ಯೋ ಅದು ನಮ್ಮಲ್ಲಿ ಹಳೇದಾಯ್ತಲ್ಲ ಎನ್ನುತ್ತಿದ್ದರು. ಹಾಗೆ ಹೇಳುವುದು ಅವರ ಮುಗಿಯದ ಫ್ಯಾಷನ್.

ಇಷ್ಟು ಫ್ಯಾಷನ್ನುಗಳಲ್ಲಿ ನಮ್ಮ ಅವ್ವ ಬಿಟ್ಟದ್ದು ಕಡಿಮೆ. ಕೇರಿಯಲ್ಲಿ ಮೊದಲು ನೈಲಾನ್ ಸೀರೆ ಉಟ್ಟವಳು ಅವಳು. ಮೇಷ್ಟರ ಹೆಂಡತಿಯನ್ನು ನೋಡಿ ನೋಡಿ, ಕೊಟ್ಟಿಗೆಯ ಹಿಂದೆ ನಿಂತು ನಿರಿಗೆ ಹಿಡಿಯುವುದನ್ನು ಕಲಿತಳಂತೆ. ಮೊದಲ ದಿನ ಹೊಸನಗರದಲ್ಲಿ ಬಸ್ಸಿಳಿಯುವಾಗ ನಿರಿಗೆ ತುಳಿದು ಬಿದ್ದು, ಎದ್ದು, ಸೀರೆ ಹರಿಯಲಿಲ್ಲವಲ್ಲ ಎಂದು ನಕ್ಕಳಂತೆ. ನನ್ನನ್ನು ಹೊಲಿಗೆ ಕಲಿಯಲು ಸಾಗರಕ್ಕೆ ಕಳಿಸಿದ್ದೂ ಅವಳೇ, ಅಪ್ಪ ಬೇಡವೆಂದರೂ ಕೇಳದೆ. ನಾನು ಕತ್ತರಿ ಹಿಡಿದ ಮೇಲೆ ಅವಳ ಬೇಡಿಕೆಗೆ ಕೊನೆಯಿರಲಿಲ್ಲ. ಐವತ್ತು ದಾಟಿದ ಮೇಲೆ ಪಫ್ ತೋಳು ಬೇಕು ಅಂದಳು. ಈ ವಯಸ್ಸಿಗೆ ಎಂಥ ಹುಚ್ಚು ಎಂದು ನನಗೆ ನಾಚಿಕೆಯಾಯಿತು. ಪಫ್ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣದಾಗಿ ಹೊಲಿದುಕೊಟ್ಟೆ. ಅವಳು ಕನ್ನಡಿಯಲ್ಲಿ ನೋಡಿಕೊಂಡು, ಬಟ್ಟೆ ಉಳಿಸಿದ್ಯಾ, ಎಂತಕ್ಕೆ, ಅಂದಳು. ಯಾವ ಫ್ಯಾಷನ್ ಆದರೂ ಅವಳಿಗೆ ತೋಳು ಉದ್ದ ಬೇಕು, ಬೆನ್ನು ಮೇಲಕ್ಕೆ ಬೇಕು. ತೋಳಿಲ್ಲದ ಬ್ಲೌಸಿನ ಕಾಲ ಬಂದಾಗ ಮಾತ್ರ ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ. ವಯಸ್ಸಾಯಿತು, ಅದಕ್ಕೇ ಇರಬೇಕು ಅಂದುಕೊಂಡೆ.

ಕೆಲವು ವರ್ಷದ ಹಿಂದೆ ಬಸ್ಸಿನಲ್ಲಿ ಬರದ ಫ್ಯಾಷನ್ ಒಂದು ಬಂತು. ಅದು ಬಂದದ್ದು ನಮ್ಮ ಅಜ್ಜಿಯ ಹೆಗಲಿನಿಂದ.

ಗೊಬ್ಬೆ ಸೀರೆ ಎಂದರೆ ನಮ್ಮ ಕಡೆಯ ಗೇಣಿ ಒಕ್ಕಲಿನ ಮನೆಗಳಲ್ಲಿ ಹೆಂಗಸರು ಸೀರೆ ಉಡುತ್ತಿದ್ದ ಹಳೆಯ ರೀತಿ. ನಿರಿಗೆಯಿಲ್ಲ, ಇಳಿಬಿಟ್ಟ ಸೆರಗಿಲ್ಲ. ದಪ್ಪ ಹತ್ತಿ ಸೀರೆಯನ್ನು ಮೈಗೆ ಸುತ್ತಿ, ಗದ್ದೆ ಕೆಲಸಕ್ಕೆ ಕಾಲಿಗೆ ತೊಡರದಂತೆ ಮೇಲಕ್ಕೆ ಎತ್ತಿ ಕಟ್ಟಿ, ಹೆಗಲ ಹತ್ತಿರ ಒಂದು ಗಂಟು ಹಾಕುವುದು. ಆ ಗಂಟೇ ಗೊಬ್ಬೆ. ನನ್ನ ಅಜ್ಜಿ ಸಾಯುವವರೆಗೂ ಹಾಗೇ ಉಟ್ಟಳು. ಅವ್ವ ಉಟ್ಟದ್ದನ್ನು ನಾನು ನೋಡಿಲ್ಲ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವಳು ಅದನ್ನು ಬಿಟ್ಟಾಗಿತ್ತು. ಅಂಥ ಸೀರೆ ಉಟ್ಟವರು ಪೇಟೆಯ ಬಟ್ಟೆ ಅಂಗಡಿಗೆ ಹೋದರೆ, ಅಂಗಡಿಯವರು ಮುಖ ನೋಡುವ ಮೊದಲು ಹೆಗಲು ನೋಡಿ, ಬಾಯಿ ತೆರೆಯುವ ಮೊದಲೇ ಕೆಳಗಿನ ಖಾನೆಯಿಂದ ದಪ್ಪ ಸೀರೆ ಎಳೆದು ಹಾಕುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದಳು.

ತೀರ್ಥಹಳ್ಳಿ ಕಡೆಯ ಒಬ್ಬ ಮದುಮಗಳು ಅಂಗಡಿಗೆ ಬಂದು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾವುದೋ ಕಾಲೇಜಿನ ಹುಡುಗಿಯರು ಗೊಬ್ಬೆ ಸೀರೆ ಉಟ್ಟು ಕುಣಿಯುತ್ತಿದ್ದರು. ಮದುವೆಗೆ ಮೊದಲಿನ ಫೋಟೋ ಶೂಟಿಗೆ ಅವಳಿಗೆ ಅಂಥದ್ದೇ ಬೇಕು, ಹೊಳೆಬಾಗಿಲಿನ ಹಿನ್ನೀರಿನ ಪಕ್ಕ ಹುಡುಗನ ಜೊತೆ ನಿಲ್ಲಬೇಕು. ಉಡಿಸುವವರು ಯಾರೂ ಸಿಕ್ಕಿಲ್ಲ.

"ಅಕ್ಕಾ, ಉಡೋ ರಗಳೆ ಬೇಡ. ಪ್ಯಾಂಟ್ ಹಾಕ್ಕೊಂಡ ಹಾಗೆ ಹಾಕ್ಕೊಂಡ್ಬಿಡ್ಬೇಕು, ಅಂಥದ್ದು ಏನಾದ್ರೂ ಮಾಡ್ಕೊಡ್ತೀರಾ?" ಅಂದಳು.

ಮಾಡಿಕೊಟ್ಟೆ. ಪರದೆಯಾಚೆ ಅವ್ವ ಇದ್ದಳು, ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ, ಅಜ್ಜಿಯ ಹೆಗಲು ನನಗೇ ನೆನಪಿದೆ ಎಂಬ ಜಂಬ. ಸೊಂಟಕ್ಕೆ ಎಲಾಸ್ಟಿಕ್, ಮಗ್ಗುಲಿಗೆ ಹುಕ್ಕು, ಹೆಗಲಿಗೆ ಹೊಲಿದು ಕೂರಿಸಿದ ಗಂಟು. ಗಂಟು ಚಪ್ಪಟೆಯಾಗಿ ಸಪ್ಪೆ ಕಂಡಿತೆಂದು ಒಳಗೆ ಸ್ಪಂಜು ತುಂಬಿ ಗುಂಡಗೆ ಮಾಡಿದೆ. ಜೊತೆಗೆ ಬೆನ್ನಿಗೆ ದಾರ ಕಟ್ಟುವ ಬ್ಲೌಸು. ಹುಡುಗಿಯ ಫೋಟೋ ಊರೂರಿನ ಫೋನುಗಳಿಗೆ ಹೋಯಿತು. ಆಮೇಲೆ ನನಗೆ ಬಿಡುವಿರಲಿಲ್ಲ. ಕಾಲೇಜಿನ ಸಾಂಪ್ರದಾಯಿಕ ದಿನಕ್ಕೆ, ಆಫೀಸಿನ ಹೆಂಗಸರಿಗೆ, ನಾಮಕರಣಕ್ಕೆ, ಎಲ್ಲದಕ್ಕೂ ಗೊಬ್ಬೆ. ಹೊಸನಗರದಿಂದ ಆರ್ಡರ್ ಬಂತು. ತೀರ್ಥಹಳ್ಳಿಯವರು ಇದು ಶುರುವಾಗಿದ್ದೇ ನಮ್ಮಲ್ಲಿ ಅಂದರು, ಈ ಸಲ ಅದು ಸುಳ್ಳೂ ಆಗಿರಲಿಲ್ಲ.

ಒಂದು ದಿನ ಅವ್ವ ಪರದೆ ಸರಿಸಿ ಬಂದು, ಮೇಜಿನ ಮೇಲಿದ್ದ ಗಂಟನ್ನು ಒತ್ತಿ ನೋಡಿದಳು. "ಇದ್ರೊಳಗೆ ಎಂತದೆ ಇದು, ಮೆತ್ತಗೆ?"

"ಸ್ಪಂಜು. ಫೋಟೋದಲ್ಲಿ ಗುಂಡಗೆ ಕಾಣ್ಲಿ ಅಂತ."

ಅವಳು ಇನ್ನೊಮ್ಮೆ ಒತ್ತಿದಳು. ಆಮೇಲೆ ನಗಲು ಶುರು ಮಾಡಿದಳು. ಸಂಜೆಯವರೆಗೂ ಒಳಗಿನಿಂದ ಆಗಾಗ ಅವಳ ನಗು ಕೇಳುತ್ತಿತ್ತು. ನನಗೂ ನಗು ಬಂತು. ಅವಳಿಗೆ ಇದು ತಮಾಷೆ, ಬೇರೇನೂ ಇಲ್ಲ ಎಂದು ನಾನು ಅಂದುಕೊಂಡದ್ದು ಆವತ್ತು.

ನಮ್ಮ ಬಡಾವಣೆಯಲ್ಲಿ ಹೆಂಗಸರದೊಂದು ಸಂಘವಿದೆ. ಈ ವರ್ಷ ಅವರು ಮಲೆನಾಡ ಉಡುಗೆ ತೊಡುಗೆ ಎಂದು ಒಂದು ಕಾರ್ಯಕ್ರಮ ಇಟ್ಟುಕೊಂಡರು. ಅಧ್ಯಕ್ಷೆ ರಿಟೈರಾದ ಟೀಚರು, ನನ್ನ ಹಳೆಯ ಗಿರಾಕಿ. ಅಳತೆ ಕೊಡುತ್ತ ಕನ್ನಡಿಯ ಮುಂದೆ ನಿಂತಿದ್ದವರು ತಟ್ಟನೆ ಕೇಳಿದರು. "ಎಲ್ರೂ ನೀವು ಹೊಲಿದ ಗೊಬ್ಬೆ ಹಾಕ್ಕೊಂಡು ಬರ್ತಾರೆ. ಆದ್ರೆ ಒಬ್ರಾದ್ರೂ ನಿಜವಾಗಿ ಉಟ್ಟವರು ಸ್ಟೇಜ್ ಮೇಲೆ ಬೇಕಲ್ಲ. ನಿಮ್ಮ ತಾಯಿ ಉಡ್ತಿದ್ರಾ?"

"ಉಡ್ತಿದ್ರು. ಬರ್ತಾರೆ ಬಿಡಿ," ಅಂದೆ.

ಅವ್ವನನ್ನು ಕೇಳದೆ ಹೇಳಿದೆ. ನನ್ನ ತಲೆಯಲ್ಲಿದ್ದದ್ದು ಏನೆಂದು ನನಗೆ ಗೊತ್ತು. ಮೈಕಿನಲ್ಲಿ ನನ್ನ ಅಂಗಡಿಯ ಹೆಸರು ಹೇಳುತ್ತಾರೆ. ಇವರ ತಾಯಿಯೇ ಅಸಲಿ, ಇವರ ಕೈಯದೇ ಅಸಲಿ ಎಂದು ಮೂರು ತಾಲ್ಲೂಕಿನ ಹೆಂಗಸರು ತಿಳಿಯುತ್ತಾರೆ. ನೈಟಿ ಟವಲ್ಲಿನಲ್ಲಿ ನನ್ನ ಮಾನ ಕಳೆಯುತ್ತಿದ್ದ ಅವ್ವ ಗೊಬ್ಬೆಯಲ್ಲಿ ನಿಂತು ಒಂದು ದಿನವಾದರೂ ಅದನ್ನು ಕೂಡಿಸಿಕೊಡುತ್ತಾಳೆ.

ಆ ಸಂಜೆ ಹೇಳಿದಾಗ ಅವ್ವ ಬಟಾಣಿ ಬಿಡಿಸುತ್ತಿದ್ದಳು.

"ಆಗಲ್ಲ," ಅಂದಳು.

"ಯಾಕೆ? ಮರ್ತು ಹೋಗಿದ್ಯಾ?"

"ಮರೆತಿಲ್ಲ. ನಾನು ಅದ್ನ ಬಿಟ್ಟಿದ್ದು ಮತ್ತೆ ಉಡಕ್ಕಲ್ಲ."

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ಗಳಿಗೆ ಉಟ್ಟರೆ ಮೈ ಸವೆಯುತ್ತದಾ, ಎಲ್ಲರೂ ಮರ್ಯಾದೆ ಕೊಡುತ್ತೇವೆ ಅಂತಿದ್ದಾರೆ, ನಿನಗೆ ಯಾವಾಗಲೂ ನಿನ್ನದೇ ಹಟ ಅಂದೆ. ನಾನು ಮಾತು ಕೊಟ್ಟಾಗಿದೆ, ನನ್ನ ಮರ್ಯಾದೆ ಏನಾಗಬೇಕು ಅಂದೆ. ಅವಳು ಬಟಾಣಿ ಬಿಡಿಸಿ ಮುಗಿಸಿ, ಸಿಪ್ಪೆ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಆಮೇಲೆ ಒಂದಷ್ಟು ದಿನ ನಾನು ಮುಖ ಗಂಟು ಹಾಕಿಕೊಂಡೇ ಊಟ ಬಡಿಸಿದೆ. ನನಗೆ ಅರವತ್ತಾಗುತ್ತ ಬಂದಿದೆ, ತಾಯಿಯ ಎದುರು ಇನ್ನೂ ಹಾಗೆ ಮುನಿಸಿಕೊಳ್ಳುತ್ತೇನೆ.

ಕೊನೆಗೆ ಅವಳೇ ಬಂದು ಮಿಷನ್ನಿನ ಪಕ್ಕ ನಿಂತಳು. "ನಿನ್ ಮಾತು ಹೋಗ್ತದೆ ಅಂದ್ರೆ ಉಡ್ತೀನಿ ಬಿಡು ಮಗಾ. ಆದ್ರೆ ರವಿಕೆ ಹಾಕ್ಕಂಡು."

ನಾನು ನಕ್ಕುಬಿಟ್ಟೆ. "ರವಿಕೆ ಹಾಕ್ದೆ ಯಾರು ಉಡು ಅಂತಾರೆ ಮಾರಾಯ್ತಿ?"

ಅವಳು ನಗಲಿಲ್ಲ. ಅಳತೆ ಕೊಡಲು ಕೈ ಅಗಲಿಸಿ ನಿಂತಳು. ಮೊಣಕೈವರೆಗೆ ತೋಳು, ಕತ್ತಿನವರೆಗೆ ಬೆನ್ನು. ಒಳ್ಳೆಯ ಹಸಿರು ಬಟ್ಟೆಯಲ್ಲಿ ಹೊಲಿದೆ, ಹೊಲಿಗೆ ಚೆನ್ನಾಗಿ ಬಂತು.

ಕಾರ್ಯಕ್ರಮದ ದಿನ ಸಂಘದ ಹಾಲ್ ಒಳಗೆ ಎಲ್ಲಿ ನೋಡಿದರೂ ನನ್ನ ಸ್ಪಂಜಿನ ಗಂಟುಗಳು. ಹೆಮ್ಮೆ ಆಯಿತು, ಸುಳ್ಳು ಹೇಳುವುದಿಲ್ಲ. ಸ್ಟೇಜಿನ ಹಿಂದಿನ ಕೋಣೆಯಲ್ಲಿ ಅವ್ವ ಗೋಡೆಯ ಕಡೆ ತಿರುಗಿ ನಿಂತು ತಾನೇ ಉಟ್ಟಳು. ನನ್ನ ಸಹಾಯ ಬೇಕಾಗಲಿಲ್ಲ. ಸೀರೆ ಸುತ್ತುವಾಗ ಅವಳ ಕೈ ಎಲ್ಲೂ ನಿಲ್ಲಲಿಲ್ಲ, ಗಂಟು ಎಳೆದು ಬಿಗಿ ಮಾಡುವಾಗ ಮಾತ್ರ ಹಲ್ಲು ಕಚ್ಚಿದಳು. ಈಚೆ ತಿರುಗಿದಾಗ ನನ್ನ ಅಜ್ಜಿಯೇ ನಿಂತ ಹಾಗಿತ್ತು. ನಾನು ಫೋನ್ ತೆಗೆದು ಫೋಟೋ ಹಿಡಿದೆ.

ಆಗ ನಿರೂಪಣೆ ಮಾಡುವ ಹುಡುಗಿ ಅಧ್ಯಕ್ಷೆಯ ಜೊತೆ ಒಳಗೆ ಬಂದಳು. ಕೆಟ್ಟವಳಲ್ಲ, ಬಹಳ ಉತ್ಸಾಹದ ಹುಡುಗಿ. ಅವ್ವನ ಕಾಲಿಗೆ ನಮಸ್ಕಾರ ಮಾಡಿದಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ನೋಡಿ, "ಅಜ್ಜೀ, ಎಷ್ಟು ಚೆನ್ನಾಗಿದೆ. ಆದ್ರೆ ಆಗ ಬ್ಲೌಸ್ ಹಾಕ್ತಿರ್ಲಿಲ್ಲ ಅಲ್ವಾ? ಇದೊಂದು ತೆಗೆದ್ಬಿಟ್ರೆ ಪಕ್ಕಾ ಒರಿಜಿನಲ್ ಆಗ್ತದೆ. ಇರೋದೆಲ್ಲ ಲೇಡೀಸೇ," ಅಂದಳು.

ಅಧ್ಯಕ್ಷೆ ನನ್ನ ಮುಖ ನೋಡಿದರು. ಹುಡುಗಿಯೂ ನೋಡಿದಳು. ಅವ್ವನೂ ನೋಡಿದಳು.

ಅವ್ವ ಇಟ್ಟದ್ದು ಒಂದೇ ಷರತ್ತು. ನಾನು ಒಪ್ಪಿದ್ದೆ. ಆಗಲ್ಲ ಎಂಬ ಒಂದು ಮಾತು ಸಾಕಿತ್ತು. ಅದರ ಬದಲಿಗೆ ನನ್ನ ಬಾಯಿಂದ ಬಂದದ್ದು ಇದು: "ಅವ್ವಾ, ಸೀರೆ ಹೇಗೂ ಪೂರ್ತಿ ಮುಚ್ತದಲ್ಲ..."

ಮಾತು ಮುಗಿಸಲಿಲ್ಲ. ಮುಗಿಸಲಿಲ್ಲ ಎಂಬುದು ದೊಡ್ಡ ಸಂಗತಿಯೇನಲ್ಲ, ಆಡಬೇಕಾದಷ್ಟು ಆಡಿಯಾಗಿತ್ತು. ಅವ್ವನ ಬಲಗೈ ಹೆಗಲಿಗೆ ಹೋಯಿತು. ಅಲ್ಲಿ ಏನನ್ನೋ ಹುಡುಕಿತು. ಟವಲ್ ಇರಲಿಲ್ಲ, ಮನೆಯಲ್ಲಿ ಬಿಟ್ಟು ಬಾ, ಅಲ್ಲೆಲ್ಲ ಅದನ್ನು ತರಬೇಡ ಎಂದು ನಾನೇ ಹೇಳಿದ್ದೆ. ಕೈ ಗೊಬ್ಬೆಯ ಗಂಟನ್ನು ಮುಟ್ಟಿ, ಎದೆಯ ಮೇಲೆ ಅಡ್ಡವಾಗಿ ಇಳಿದು, ಹಸಿರು ರವಿಕೆಯ ತೋಳನ್ನು ಹಿಡಿದುಕೊಂಡಿತು. ಎಂಬತ್ತು ದಾಟಿದ ಮುದುಕಿ, ನಾನು ಅವಳ ಮಗಳು, ಮತ್ತು ಅವಳು ನನ್ನಿಂದ ತನ್ನ ಮೈಯನ್ನು ಮುಚ್ಚಿಕೊಳ್ಳುತ್ತಿದ್ದಳು. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

"ಇದು ನನ್ ಮಗಳು ಹೊಲಿದಿದ್ದು," ಎಂದು ಅವ್ವ ಆ ಹುಡುಗಿಗೆ ಹೇಳಿದಳು, ಮೆತ್ತಗೆ. "ಇದ್ನ ತೆಗ್ಯಲ್ಲ. ಎಲ್ಲಿಗೆ ಬರ್ಬೇಕು ಹೇಳು, ಬರ್ತೀನಿ."

ಹುಡುಗಿ ದಾರಿ ತೋರಿಸಿದಳು. ಅವ್ವ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತಿದಳು. ನಾನು ಪರದೆಯ ಪಕ್ಕ ನಿಂತೆ. ನನ್ನ ಅಂಗಡಿಯ ಹೆಸರು ಮೈಕಿನಲ್ಲಿ ಬಂತು, ನಾನು ಕಾದಿದ್ದ ಹಾಗೆಯೇ. ಕೇಳಲು ಆಗಲಿಲ್ಲ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹುಡುಗಿ ಮೈಕನ್ನು ಅವ್ವನ ಬಾಯಿಯ ಹತ್ತಿರ ಹಿಡಿದು, "ಅಜ್ಜೀ, ಈ ಗೊಬ್ಬೆ ಸೀರೆಯಲ್ಲಿ ನಿಮಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಏನು?" ಎಂದು ಕೇಳಿದಳು.

ಅವ್ವ ಮೈಕ್ ನೋಡಿದಳು, ಎದುರಿಗಿದ್ದ ಗುಂಡಗಿನ ಗಂಟುಗಳನ್ನೆಲ್ಲ ನೋಡಿದಳು.

"ಅದ್ನ ಬಿಟ್ಟಿದ್ದು," ಅಂದಳು.

ಹಾಲ್ ಬಿದ್ದು ಹೋಗುವಂತೆ ನಕ್ಕರು. ಅಜ್ಜಿಗೆ ಎಂಥ ತಮಾಷೆ ಎಂದು ನನ್ನ ಪಕ್ಕದಲ್ಲಿದ್ದವರು ಭುಜ ತಟ್ಟಿದರು. ಶಾಲು ಹೊದಿಸಿದರು. ಆ ಶಾಲನ್ನು ಅವ್ವ ಎರಡೂ ಕೈಯಿಂದ ಎಳೆದು ಮುಂದಕ್ಕೆ ತಂದು ಹೊದ್ದುಕೊಂಡಳು. ಆಟೋದಲ್ಲಿ ಕೂತ ಮೇಲೂ ಅದನ್ನು ತೆಗೆಯಲಿಲ್ಲ.

ಆಟೋ ಬಸ್ ಸ್ಟ್ಯಾಂಡ್ ದಾಟಿತು. ತಪ್ಪಾಯಿತು ಅನ್ನಬೇಕು, ಬಾಯಿ ಬರಲಿಲ್ಲ. ಬದಲಿಗೆ, ನೀನು ಯಾವಾಗ ಬಿಟ್ಟೆ ಅದನ್ನ ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ನಾನು ಅದನ್ನು ಕೇಳಿಯೇ ಇರಲಿಲ್ಲ.

"ನೀನು ಹುಟ್ಟಿದ ವರ್ಷ," ಅಂದಳು. "ಒಡೇರ ಮನೆಗೆ ಗೇಣಿ ಭತ್ತ ಹೊತ್ಕಂಡು ಹೋಗದು ನಾವೇ, ಹೆಂಗಸ್ರು. ತಲೆ ಮೇಲೆ ಹೊರೆ. ಹಿಡಿಯಕ್ಕೆ ಎರಡೂ ಕೈ ಬೇಕು. ಆ ಕಾಲಕ್ಕೆ ನಮ್ಗೆಲ್ಲಿ ರವಿಕೆ. ಸೀರೆ ಅತ್ಲಾಗೆ ಸರಿದ್ರೂ ಇತ್ಲಾಗೆ ಸರಿದ್ರೂ ಕೈ ಇಳಿಸಂಗಿಲ್ಲ. ಅವ್ರು ಜಗಲಿ ಮೇಲೆ ಕೂತಿರ್ತಿದ್ರು. ಅಳೆಯೋ ಸರದಿ ಬರೋ ತನಕ ಅಂಗಳದಾಗೆ ಹಂಗೇ ನಿಂತಿರ್ಬೇಕು."

"ಏನಾದ್ರೂ ಅಂತಿದ್ರಾ?"

"ಎಂತ ಅನ್ನಲ್ಲ. ನೋಡ್ತಿದ್ರು." ಅವಳು ಶಾಲಿನ ಅಂಚನ್ನು ಮಡಿಲಲ್ಲಿ ಮಡಿಸಿದಳು. "ಹೊರೆ ಇಳಿಸಿದ ಕೂಡ್ಲೆ ಮೊದ್ಲು ಕೈಗೆ ಸಿಕ್ಕಿದ್ದು ಎಳ್ಕಂಡು ಹೊದಿಯೋದು. ಗೋಣಿ ಇದ್ರೆ ಗೋಣಿ. ನೀನು ಹೊಟ್ಟೇಲಿದ್ದಾಗ್ಲೂ ಹೋಗಿದೀನಿ. ಆವಾಗ ಅಂದ್ಕಂಡೆ, ಹೆಣ್ಣಾದ್ರೆ ರವಿಕೆ ಹೊಲಿಯೋದು ಕಲಿಸ್ಬೇಕು ಅಂತ."

ಆಟೋದವನು ಕನ್ನಡಿಯಲ್ಲಿ ನಮ್ಮನ್ನು ನೋಡಿದ. ನಾನು ಹೊರಗೆ ನೋಡುತ್ತ ಕೂತೆ. ಮೂವತ್ತಕ್ಕೂ ಹೆಚ್ಚು ವರ್ಷ ಆ ಕತ್ತರಿ ಹಿಡಿದು, ಬೆನ್ನು ಎಷ್ಟು ಇಳಿಸಲಿ, ತೋಳು ಎಷ್ಟು ಕಡಿಮೆ ಮಾಡಲಿ ಎಂದು ಕೇಳುವುದನ್ನೇ ಕಸುಬು ಮಾಡಿಕೊಂಡವಳು ನಾನು. ಅವ್ವನಿಗೆ ಮಾತ್ರ ಪಫ್ಫಿನಲ್ಲೂ ಬಟ್ಟೆ ಉಳಿಸಿದವಳು. ಟವಲ್ ಯಾರ ತಲೆಯಿಂದ ಬಂತು ಎಂದು ಊರೆಲ್ಲ ಹುಡುಕಿದವಳು.

ಮನೆಗೆ ಬಂದವಳೇ ಅವ್ವ ಸೀರೆ ಬಿಚ್ಚಿ ಮಡಿಸಿಟ್ಟು, ನೈಟಿ ಹಾಕಿಕೊಂಡು, ಟವಲ್ ಹೊದ್ದು ಮಂಚದ ಮೇಲೆ ಕೂತಳು. ಟೀ ಕೇಳಿದಳು. ಮಾಡಿಕೊಟ್ಟೆ. ತಪ್ಪಾಯಿತು ಎಂಬ ಮಾತು ಆಗಲೂ ಬರಲಿಲ್ಲ.

ಮರುದಿನದಿಂದ ಗೊಬ್ಬೆಗೆ ಇನ್ನಷ್ಟು ಗಿರಾಕಿ. ಅವ್ವನ ಮಾತಿನ ವಿಡಿಯೋ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು, ನಗುವ ಬೊಂಬೆಗಳ ಜೊತೆ. ಆ ವಾರವೇ ಹೊಸನಗರದಿಂದ ಒಬ್ಬ ಹುಡುಗಿ ಬಂದಳು. ಅವಳಿಗೂ ಮದುವೆ, ಅವಳಿಗೂ ಫೋಟೋ ಶೂಟು.

"ಅಕ್ಕಾ, ನಂಗೆ ಬ್ಲೌಸ್ ಬೇಡ," ಅಂದಳು. "ಆಗಿನವರು ಉಡ್ತಿದ್ದ ಹಾಗೇ ಬೇಕು. ಹೆಗಲು ಖಾಲಿ ಕಾಣ್ಬೇಕು. ಅದೇ ಈಗ ಟ್ರೆಂಡು."

ನನಗೆ ಎಲ್ಲಿತ್ತೋ ಸಿಟ್ಟು. ಟೇಪನ್ನು ಮೇಜಿನ ಮೇಲೆ ಎಸೆದೆ. ರವಿಕೆಯಿಲ್ಲದ ಗೊಬ್ಬೆಯನ್ನು ಈ ಅಂಗಡಿಯಲ್ಲಿ ಹೊಲಿಯುವುದಿಲ್ಲ, ಬೇಕಾದವರು ಬೇರೆ ಕಡೆ ಹೋಗಬಹುದು ಅಂದೆ. ಅದೇನು ಸುಮ್ಮನೆ ಬಂದದ್ದಾ, ಅದರ ಹಿಂದೆ ಏನಿದೆ ಗೊತ್ತಾ ನಿನಗೆ ಅಂದೆ. ಹುಡುಗಿಯ ಮುಖ ಸಣ್ಣದಾಯಿತು. ಮಾತಾಡುತ್ತಿದ್ದಂತೆ ನನಗೇ ಒಂದು ಸಮಾಧಾನ ಬರುತ್ತಿತ್ತು, ಸ್ಟೇಜಿನ ಹಿಂದಿನ ಕೋಣೆಯಲ್ಲಿ ಆಡದ ಮಾತನ್ನು ಈಗ ಆಡಿ ಮುಗಿಸುತ್ತಿದ್ದೇನೆ ಎಂಬ ಹಾಗೆ. ಅವ್ವ ಕೇಳಿಸಿಕೊಳ್ಳಲಿ ಎಂದು ದನಿಯನ್ನೂ ಏರಿಸಿದ್ದೆ.

ಪರದೆ ಸರಿಯಿತು. ಅವ್ವ ನೈಟಿಯ ಮೇಲೆ ಟವಲ್ ಎಳೆದುಕೊಳ್ಳುತ್ತ ಬಂದು ನಿಂತಳು.

"ಆ ಹುಡ್ಗಿಗೆ ಎಂತಕ್ಕೆ ಬೈತೀಯೆ?" ಅಂದಳು. "ಹೊಲ್ದು ಕೊಡು."

"ಅವ್ವಾ, ಅವ್ಳು ರವಿಕೆ ಬೇಡ ಅಂತಿದಾಳೆ."

"ಕೇಳಿಸ್ತು." ಅವ್ವ ಹುಡುಗಿಯನ್ನು ನೋಡಿದಳು, ಅವಳ ಬರಿಯ ತೋಳುಗಳನ್ನು, ಹೊಸ ಉಂಗುರವನ್ನು. "ಬೇಡ ಅನ್ನಕ್ಕೆ ಅವ್ಳ ಹತ್ರ ರವಿಕೆ ಐತೆ. ನನ್ ಹತ್ರ ಇರ್ಲಿಲ್ಲ."

ಆಮೇಲೆ ಮೇಜಿನ ಮೇಲೆ ಬಿದ್ದಿದ್ದ ಟೇಪನ್ನು ಎತ್ತಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ನಾನು ಹುಡುಗಿಯ ಹೆಗಲಿನ ಅಳತೆ ತೆಗೆದುಕೊಂಡೆ.